ನಿಂತರೆ ಕುದಿಯುವ ಗಾಡಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯ. ಗಾಡಿ ಬಿಸಿಯಾಗುತ್ತಿದೆ, ಏನು ಮಾಡೋದು ಅಂತ. ಮದುವೆ, ಗೃಹಪ್ರವೇಶದ ಸೀಸನ್ನು, ಬಿಸಿಲು ಬೇರೆ, ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ಮಲಗಿದ್ದ ಹಳೆ ಕಾರುಗಳೆಲ್ಲ ಹೊರಗೆ ಬಂದಿವೆ. ಹಾಗಾಗಿ ಈ ತಿಂಗಳು ಬ್ರೇಕು, ಮೈಲೇಜು, ಟೈರಿನ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಇದೊಂದನ್ನೇ ಹಿಡಿದಿದ್ದೇನೆ. ಬೇರೆ ಪ್ರಶ್ನೆ ಕಳಿಸಿದವರು ಬೇಸರ ಮಾಡ್ಕೋಬೇಡಿ.

ಪ್ರಶ್ನೆ: ನಮ್ಮ ಅಪ್ಪ ತಗೊಂಡಿದ್ದ 1997ರ ಮಾರುತಿ 800 ಇದೆ. ಕಾರ್ಬೊರೇಟರ್ ಗಾಡಿ, ಏಸಿ ಇಲ್ಲ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೊರಟರೆ ದಾರಿಯುದ್ದಕ್ಕೂ ಟೆಂಪರೇಚರ್ ಮುಳ್ಳು ಅರ್ಧಕ್ಕಿಂತ ಮೇಲೆ ಹೋಗಲ್ಲ. ಬಿ.ಎಚ್. ರೋಡಿನ ಟ್ರಾಫಿಕ್ಕಿಗೆ ಸಿಕ್ಕಿದ ತಕ್ಷಣ ಏರೋಕೆ ಶುರು. ಹೋದ ತಿಂಗಳು ಕಲ್ಯಾಣ ಮಂಟಪದ ಮುಂದೆ ಸ್ಟಾರ್ಟ್‌ನಲ್ಲೇ ಕಾಯುತ್ತಿದ್ದಾಗ ನೀರು ಕುದಿದು ಹೊರಗೆ ಬಂತು. ಮೆಕ್ಯಾನಿಕ್ ಮೊದಲು ರೇಡಿಯೇಟರ್ ಕ್ಯಾಪ್ ಬದಲಿಸಿದರು. ಆಮೇಲೆ ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾಗುವವರೆಗೆ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವ ವಾಲ್ವ್) ತೆಗೆದು ಬಿಸಾಡಿದರು. ಈಗ ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವಿನ ಸೀಲು) ಹೋಗಿದೆ, ಹೆಡ್ ಇಳಿಸಬೇಕು ಅಂತಿದ್ದಾರೆ. ಇಳಿಸಲಾ? (ತೀರ್ಥಹಳ್ಳಿಯ ಓದುಗರು)

ಉತ್ತರ: ಇಳಿಸಬೇಡಿ. ಈಗಲೇ ಬೇಡ. ನಿಮ್ಮ ಪತ್ರವನ್ನು ಇನ್ನೊಂದು ಸಲ ನೀವೇ ಓದಿ ನೋಡಿ, ಉತ್ತರ ಅದರಲ್ಲೇ ಇದೆ. 60 ಕಿಲೋಮೀಟರ್ ಚಿಲ್ಲರೆ ದಾರಿ, ಮಂಡಗದ್ದೆ ದಾಟಿ, ಸಕ್ರೆಬೈಲು ದಾಟಿ, ಗಾಜನೂರು ದಾಟಿ ಬರುವಷ್ಟು ಹೊತ್ತೂ ಮುಳ್ಳು ಸುಮ್ನೆ ಇರುತ್ತದೆ. ಊರೊಳಗೆ ಬಂದು ನಿಂತ ಮೇಲೆ ಏರುತ್ತದೆ. ಇಂಜಿನ್ ಜಾಸ್ತಿ ಪೆಟ್ರೋಲ್ ಸುಡೋದು, ಜಾಸ್ತಿ ಶಾಖ ಹುಟ್ಟಿಸೋದು ಓಡುವಾಗ, ಅದರಲ್ಲೂ ಏರು ಹತ್ತುವಾಗ. ನಿಂತಾಗ ಅದು ಉರಿಸೋದು ಬಹಳ ಕಡಿಮೆ. ಜಾಸ್ತಿ ಶಾಖ ಇದ್ದಾಗ ತಡೆದುಕೊಂಡ ಗಾಡಿ ಕಡಿಮೆ ಶಾಖ ಇದ್ದಾಗ ಕುದಿಯುತ್ತದೆ ಅಂದರೆ, ಎರಡರ ನಡುವೆ ಬದಲಾಗಿದ್ದು ಏನು? ಎದುರುಗಾಳಿ. ಓಡುವಾಗ ರೇಡಿಯೇಟರಿಗೆ ಗಾಳಿ ತಾನಾಗೇ ನುಗ್ಗುತ್ತದೆ. ನಿಂತಾಗ ಆ ಗಾಳಿ ಇಲ್ಲ, ಫ್ಯಾನ್ ಎಳೆದುಕೊಡಬೇಕು. ನಿಮ್ಮ ಫ್ಯಾನ್ ಎಳೆಯುತ್ತಿಲ್ಲ, ಇಲ್ಲಾ ಸಾಕಾಗುವಷ್ಟು ಎಳೆಯುತ್ತಿಲ್ಲ. ನೂರಕ್ಕೆ ನೂರು ಅಂತ ಗಾಡಿ ನೋಡದೆ ಹೇಳಲಾರೆ, ಆದರೆ ಹೆಡ್ಡಿಗೆ ಕೈ ಹಾಕುವ ಮೊದಲು ಫ್ಯಾನನ್ನು ನೋಡಲೇಬೇಕು. ಮೂರು ಸಲ ಗ್ಯಾರೇಜಿಗೆ ಹೋಗಿಬಂದರೂ ನಿಮ್ಮ ಪತ್ರದಲ್ಲಿ ಫ್ಯಾನ್ ಅನ್ನುವ ಮಾತೇ ಇಲ್ಲ. ಅದೇ ನನಗೆ ಬೇಜಾರಾಗಿದ್ದು.

ಶುರು ಮಾಡುವ ಮೊದಲು ಒಂದು ಮಾತು. ಬಿಸಿ ಇರುವಾಗ ರೇಡಿಯೇಟರ್ ಕ್ಯಾಪ್ ತೆಗೆಯಬೇಡಿ. ನಮ್ಮ ಶಿವಮೊಗ್ಗ ಸಮುದ್ರ ಮಟ್ಟದಿಂದ ಸುಮಾರು 570 ಮೀಟರ್ ಎತ್ತರದಲ್ಲಿದೆ, ಇಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿ ಹತ್ತಿರವೇ ಕುದಿಯುತ್ತದೆ. ರೇಡಿಯೇಟರ್ ಒಳಗೆ ಹಾಗಲ್ಲ. ಕ್ಯಾಪಿನ ಮೇಲೆ 0.9 ಅಂತಲೋ 1.1 ಅಂತಲೋ ಬರೆದಿರುತ್ತದೆ ನೋಡಿ, ಅದು ಒಳಗಿನ ಒತ್ತಡದ ಲೆಕ್ಕ. ಕುಕ್ಕರಿನ ಹಾಗೆ. ಆ ಒತ್ತಡದಲ್ಲಿ ನೀರು 115 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ನೀವು ಕ್ಯಾಪ್ ತಿರುಗಿಸಿದ ಆ ಕ್ಷಣಕ್ಕೆ ಒತ್ತಡ ಹೋಗಿ, ಒಳಗಿನದ್ದೆಲ್ಲ ಒಟ್ಟಿಗೆ ಕುದಿದು ಮುಖಕ್ಕೆ ಹಾರುತ್ತದೆ. ಒದ್ದೆ ಬಟ್ಟೆ ಹಾಕಿ ತಿರುಗಿಸಿದರೆ ಏನೂ ಆಗಲ್ಲ ಅನ್ನೋದೆಲ್ಲ ಸುಳ್ಳು. ಕೈ, ಕುತ್ತಿಗೆ ಸುಟ್ಟುಕೊಂಡವರನ್ನು ಕಣ್ಣಾರೆ ಕಂಡಿದ್ದೇನೆ. ಮುಕ್ಕಾಲು ಗಂಟೆ ಕಾಯಿರಿ. ಮೇಲಿನ ಹೋಸ್ ಪೈಪ್ ಮುಟ್ಟಿದರೆ ಕೈಗೆ ಹಿತವಾಗಿರಬೇಕು, ಹಿಸುಕಿದರೆ ಮೆತ್ತಗಿರಬೇಕು. ಆಮೇಲೆ ತೆಗೆಯಿರಿ.

ಈಗ ಬೆಳಿಗ್ಗೆ, ತಣ್ಣಗಿರುವಾಗ ಕ್ಯಾಪ್ ತೆಗೆದು ನೀರು ಕತ್ತಿನವರೆಗೂ ಇದೆಯಾ ನೋಡಿ. ಪಕ್ಕದ ಬಾಟಲಿಯಲ್ಲಿ ಮಾತ್ರ ನೋಡಿದರೆ ಸಾಲದು, ಬಾಟಲಿ ತುಂಬಿದ್ದು ರೇಡಿಯೇಟರ್ ಖಾಲಿ ಇರೋದುಂಟು. ಕ್ಯಾಪ್ ಹಾಕಿ. ಗಾಡಿಯನ್ನು ಅಂಗಳದಲ್ಲಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಮಾಡಿ, ಬಾನೆಟ್ ಎತ್ತಿ, ಪಕ್ಕದಲ್ಲಿ ನಿಂತುಕೊಳ್ಳಿ. ಲುಂಗಿ, ಶಾಲು, ಉದ್ದ ಜಡೆ ಯಾವುದೂ ಫ್ಯಾನಿನ ಹತ್ತಿರ ಬರಬಾರದು, ಅದು ಹೇಳದೆ ಕೇಳದೆ ತಿರುಗಲು ಶುರು ಮಾಡುತ್ತದೆ. ಇಪ್ಪತ್ತು ನಿಮಿಷದ ಒಳಗೆ ಮುಳ್ಳು ಅರ್ಧ ದಾಟುತ್ತದೆ. ಆಗ ಫ್ಯಾನ್ ಓಡಬೇಕು, ಒಂದೆರಡು ನಿಮಿಷಕ್ಕೆ ಮುಳ್ಳು ಇಳಿಯಬೇಕು, ಫ್ಯಾನ್ ನಿಲ್ಲಬೇಕು, ಮತ್ತೆ ಓಡಬೇಕು. ಹೀಗೆ ಓಡಿ ನಿಂತು ಓಡಿ ನಿಂತು ಮಾಡುತ್ತಿದ್ದರೆ ಅದು ಸರಿಯಾದ ಗಾಡಿ.

ಮುಳ್ಳು ಮುಕ್ಕಾಲು ದಾಟಿದರೂ ಫ್ಯಾನ್ ಅಲ್ಲಾಡಲಿಲ್ಲ ಅಂದರೆ ಗಾಡಿ ಆಫ್ ಮಾಡಿ. ಮೊದಲು ಫ್ಯೂಸ್ ನೋಡಿ. ಫ್ಯೂಸಿನ ಜಾಗದಲ್ಲಿ ಯಾರಾದರೂ ತಾಮ್ರದ ತಂತಿ ಸುತ್ತಿಟ್ಟಿದ್ದರೆ ಅದನ್ನು ಕಿತ್ತು ಸರಿಯಾದ ಫ್ಯೂಸ್ ಹಾಕಿ, ಇಲ್ಲದಿದ್ದರೆ ಒಂದು ದಿನ ವೈರಿಂಗ್ ಹೊತ್ತಿಕೊಳ್ಳುತ್ತದೆ. ಆಮೇಲೆ, ನೀರು ಬಿಸಿಯಾದಾಗ ಫ್ಯಾನ್ ಆನ್ ಮಾಡುವ ಥರ್ಮೋ ಸ್ವಿಚ್. ಅದು ಥರ್ಮೋಸ್ಟಾಟ್ ಇರುವ ಕಡೆ ಇಂಜಿನ್ ಮೇಲೆ, ಕೆಲವು ಗಾಡಿಗಳಲ್ಲಿ ರೇಡಿಯೇಟರಿಗೇ ಕೂರಿಸಿರುವ ಹಿತ್ತಾಳೆಯ ಸಣ್ಣ ನಟ್ಟಿನ ಹಾಗಿರುತ್ತದೆ. ಮುಳ್ಳಿಗೆ ಹೋಗುವ ಸೆನ್ಸರ್ ಬೇರೆ, ಇದು ಬೇರೆ, ಎರಡನ್ನೂ ಗೊಂದಲ ಮಾಡ್ಕೋಬೇಡಿ. ಫ್ಯಾನಿನ ವೈರ್ ಹಿಡಿದು ಹುಡುಕಿಕೊಂಡು ಹೋದರೆ ಸಿಗುತ್ತದೆ. ಇಂಜಿನ್ ಆಫ್ ಇರಲಿ, ಕೀ ಆನ್ ಮಾಡಿ. ಸ್ವಿಚ್ಚಿನ ಕನೆಕ್ಟರ್ ಕಿತ್ತು, ಎರಡು ವೈರ್ ಇದ್ದರೆ ಎರಡನ್ನೂ ಒಂದು ತುಂಡು ವೈರಿನಿಂದ ಸೇರಿಸಿ. ಒಂದೇ ವೈರ್ ಇದ್ದರೆ ಅದನ್ನು ಇಂಜಿನ್ನಿನ ಕಬ್ಬಿಣಕ್ಕೆ ಮುಟ್ಟಿಸಿ. ಫ್ಯಾನ್ ಗರ್ರ್ ಅಂತ ಓಡಿತಾ? ಹಾಗಾದರೆ ಸ್ವಿಚ್ ಸತ್ತಿದೆ, ಅಷ್ಟೇ. ಅದು ದುಬಾರಿ ಸಾಮಾನಲ್ಲ, ಬದಲಿಸಲು ಅರ್ಧ ಗಂಟೆ ಸಾಕು.

ಓಡಲಿಲ್ಲ ಅಂದರೆ ಮೋಟರಿಗೆ ಬ್ಯಾಟರಿಯಿಂದ ನೇರ ಕರೆಂಟ್ ಕೊಟ್ಟು ನೋಡಿ. ನೇರ ಕೊಟ್ಟಾಗ ಓಡಿದರೆ ತೊಂದರೆ ನಡುವಿನ ವೈರು, ರಿಲೇ, ಇಲ್ಲಾ ಅರ್ತ್‌ನಲ್ಲಿ. ಮಲೆನಾಡಲ್ಲಿ ಇನ್ನೊಂದು ಕಾಟ ಇದೆ, ಇಲಿ. ಮಳೆಗಾಲದಲ್ಲಿ ಬೆಚ್ಚಗೆ ಅಂತ ಬಾನೆಟ್ ಒಳಗೆ ಗೂಡು ಮಾಡಿ ವೈರ್ ಕಡಿದಿಡುತ್ತವೆ. ನೇರ ಕೊಟ್ಟರೂ ಓಡದಿದ್ದರೆ, ಸ್ಕ್ರೂಡ್ರೈವರಿನ ಹಿಡಿಯಿಂದ ಮೋಟರಿಗೆ ಮೆಲ್ಲಗೆ ಎರಡು ತಟ್ಟಿ. ತಟ್ಟಿದಾಗ ಓಡಿದರೆ ಒಳಗಿನ ಕಾರ್ಬನ್ ಬ್ರಷ್ ಸವೆದಿದೆ ಅಂತ ಲೆಕ್ಕ.

ಇಷ್ಟೆಲ್ಲ ಆಗಿ ಫ್ಯಾನ್ ಓಡುತ್ತಿದೆ, ಆದರೂ ಬಿಸಿಯಾಗುತ್ತಿದೆ ಅನ್ನೋರೂ ಇದ್ದಾರೆ. ಅಲ್ಲೇ ಜಾಸ್ತಿ ಜನ ಮೋಸ ಹೋಗೋದು. ಫ್ಯಾನ್ ಓಡೋದು ಬೇರೆ, ಗಾಳಿ ಎಳೆಯೋದು ಬೇರೆ. ನನ್ನ ಹತ್ತಿರ ಒಂದು ಸಲ ನಿಮ್ಮದರ ಹಾಗೇ ಒಂದು 800 ಬಂದಿತ್ತು. ಮೂರು ಕಡೆ ತೋರಿಸಿ ಆಗಿತ್ತು, ಕ್ಯಾಪು, ವಾಟರ್ ಪಂಪು, ರೇಡಿಯೇಟರ್ ಎಲ್ಲ ಹೊಸದು. ಸ್ಟಾರ್ಟ್ ಮಾಡಿ ಕೂತೆವು. ಫ್ಯಾನ್ ಸಮಯಕ್ಕೆ ಸರಿಯಾಗಿ ಓಡಿತು, ಸ್ಪೀಡೂ ಇತ್ತು. ಮುಳ್ಳು ಮಾತ್ರ ಏರುತ್ತಲೇ ಹೋಯಿತು. ನಾನು ಅವತ್ತಿನ ಪೇಪರಿನ ಒಂದು ಹಾಳೆ ತಗೊಂಡು ರೇಡಿಯೇಟರಿನ ಮುಂಭಾಗಕ್ಕೆ ಹಿಡಿದೆ. ಗಾಳಿ ಒಳಗೆ ಎಳೆಯುತ್ತಿದ್ದರೆ ಹಾಳೆ ಜಾಲರಿಗೆ ಅಂಟಿಕೊಳ್ಳಬೇಕು, ಕೈ ಬಿಟ್ಟರೂ ಬೀಳಬಾರದು. ಕೈ ಬಿಟ್ಟೆ. ಹಾಳೆ ನನ್ನ ಎದೆಗೆ ಬಂದು ಬಡಿಯಿತು. ಫ್ಯಾನ್ ಹಿಂದುಮುಂದಾಗಿ ತಿರುಗುತ್ತಿತ್ತು! ಯಾರೋ ಮೋಟರ್ ರಿಪೇರಿ ಮಾಡಿ ಎರಡು ವೈರನ್ನು ಅದಲು ಬದಲು ಹಾಕಿದ್ದರು. ಹಾಗಾಗಿ ಅದು ಇಂಜಿನ್ ಕಡೆಯ ಬಿಸಿಗಾಳಿಯನ್ನೇ ಮುಂದಕ್ಕೆ ತಳ್ಳುತ್ತಿತ್ತು. ಎರಡು ವೈರ್ ಬದಲಿಸಿ ಹಾಕಿದೆ, ಹತ್ತು ನಿಮಿಷದ ಕೆಲಸ. ಆ ಮನುಷ್ಯ ಗಾಡಿಯನ್ನು ಗುಜರಿಗೆ ಕೊಡೋದು ಅಂತ ತೀರ್ಮಾನ ಮಾಡಿಯೇ ಬಂದಿದ್ದರು. ಅವರ ಹೆಂಡತಿಗೆ ಫೋನ್ ಮಾಡಿ "ಕೊಡೋದು ಬೇಡ್ವಂತೆ ಕಣೇ" ಅಂದಿದ್ದು ನನಗೆ ಇನ್ನೂ ಕಿವಿಯಲ್ಲಿದೆ.

ಅವತ್ತಿನಿಂದ ಪೇಪರ್ ಹಾಳೆ ಹಿಡಿಯದೆ ನಾನು ಯಾವ ಗಾಡಿಯ ಫ್ಯಾನೂ ಸರಿ ಇದೆ ಅಂತ ಹೇಳಿಲ್ಲ. ನೀವೂ ಹಿಡಿದು ನೋಡಿ. ಸುಮ್ನೆ ಸಡಿಲವಾಗಿ ತಗುಲಿಕೊಂಡು ಜಾರಿ ಬಿದ್ದರೆ ಮೋಟರ್ ಸೋತಿದೆ, ಇಲ್ಲಾ ಜಾಲರಿ ಕಟ್ಟಿದೆ.

ಜಾಲರಿ ಕಟ್ಟೋದು ನಮ್ಮ ಕಡೆ ತುಂಬ ಸಾಮಾನ್ಯ. ಮಣ್ಣು ರಸ್ತೆಯ ಕೆಂಪು ಕೆಸರು ಮಳೆಗಾಲದಲ್ಲಿ ಸಿಡಿದು ಒಣಗುತ್ತದೆ, ಅದರ ಮೇಲೆ ಹುಳ, ಅಡಿಕೆ ಸುಲಿಯುವ ಕಾಲದಲ್ಲಿ ಅಂಗಳದ ಧೂಳು. ರೇಡಿಯೇಟರಿನ ಹಿಂದೆ ಟಾರ್ಚ್ ಹಿಡಿದು ಮುಂದಿನಿಂದ ನೋಡಿ, ಬೆಳಕು ಸಣ್ಣ ಸಣ್ಣ ಚುಕ್ಕಿಯಾಗಿ ಎಲ್ಲ ಕಡೆ ಕಾಣಬೇಕು. ಕಾಣದ ಜಾಗದಲ್ಲೆಲ್ಲ ಗಾಳಿ ಹೋಗಲ್ಲ ಅಂತ ಅರ್ಥ. ತೋಟಕ್ಕೆ ನೀರು ಬಿಡುವ ಪೈಪಿನಿಂದಲೇ ತೊಳೆಯಿರಿ, ಆದರೆ ಇಂಜಿನ್ ಕಡೆಯಿಂದ ಹೊರಕ್ಕೆ. ಮುಂದಿನಿಂದ ನೀರು ಹೊಡೆದರೆ ಕಸ ಇನ್ನೂ ಒಳಗೆ ಹೋಗಿ ಕೂರುತ್ತದೆ. ವಾಟರ್ ಸರ್ವಿಸ್‌ನ ಪ್ರೆಷರ್ ಗನ್ ಹತ್ತಿರ ಹಿಡಿದರೆ ಆ ತೆಳ್ಳಗಿನ ರೆಕ್ಕೆಗಳೆಲ್ಲ ಮಡಚಿಕೊಳ್ಳುತ್ತವೆ, ಆಮೇಲೆ ಗಾಳಿ ಶಾಶ್ವತವಾಗಿ ಬಂದ್. ಫ್ಯಾನಿನ ಸುತ್ತಲಿನ ಪ್ಲಾಸ್ಟಿಕ್ ಕವಚ ಒಡೆದಿದ್ದರೆ ಅದನ್ನೂ ಹಾಕಿಸಿ. ಅದಿಲ್ಲದಿದ್ದರೆ ಫ್ಯಾನ್ ರೇಡಿಯೇಟರ್ ಮೂಲಕ ಎಳೆಯುವ ಬದಲು ಪಕ್ಕದಿಂದ ಗಾಳಿ ಎಳೆದುಕೊಳ್ಳುತ್ತದೆ.

ಗಾಳಿ ಎಲ್ಲ ಸರಿ ಇದ್ದರೆ ಮಾತ್ರ ಮುಂದಿನದು ವಾಟರ್ ಪಂಪ್. ನಿಂತಾಗ ಇಂಜಿನ್ ನಿಧಾನ, ಪಂಪೂ ನಿಧಾನ. ಬೆಲ್ಟ್ ಸಡಿಲ ಇದ್ದರೆ ಅಥವಾ ಪಂಪಿನ ಒಳಗಿನ ರೆಕ್ಕೆ ತುಕ್ಕು ಹಿಡಿದು ಸವೆದಿದ್ದರೆ ಆಗ ನೀರು ಸರಿಯಾಗಿ ತಿರುಗಲ್ಲ. ಬೆಲ್ಟನ್ನು ಎರಡು ಚಕ್ರದ ನಡುವೆ ಹೆಬ್ಬೆರಳಿನಿಂದ ಒತ್ತಿ, ಅರ್ಧ ಇಂಚಿಗಿಂತ ಜಾಸ್ತಿ ತಗ್ಗಿದರೆ ಬಿಗಿ ಮಾಡಿಸಿ.

ಥರ್ಮೋಸ್ಟಾಟ್ ವಿಷಯಕ್ಕೆ ಬರೋಣ. ಅದನ್ನು ತೆಗೆಸಿದ್ದು ತಪ್ಪು. ನಮ್ಮ ಕಡೆ ಬಹಳ ಗ್ಯಾರೇಜುಗಳಲ್ಲಿ ಇದೊಂದು ಅಭ್ಯಾಸವಾಗಿದೆ, ಬಿಸಿಯಾದ್ರೆ ಕಿತ್ತುಹಾಕೋದು. ಅದು ಕೆಟ್ಟು ಮುಚ್ಚಿಕೊಂಡಿದ್ದರೆ ಗಾಡಿ ಓಡುವಾಗಲೂ ಕುದಿಯಬೇಕಿತ್ತು ಅಲ್ವಾ? ನಿಮ್ಮದು ಕುದಿಯುತ್ತಿರಲಿಲ್ಲ. ಈಗ ಅದಿಲ್ಲದೆ ಇಂಜಿನ್ ಬೇಗ ಬಿಸಿಯಾಗಲ್ಲ. ಡಿಸೆಂಬರ್ ಬೆಳಿಗ್ಗೆ ಇಬ್ಬನಿಯಲ್ಲಿ ಚೋಕ್ ಎಳೆದು ಎಷ್ಟು ಹೊತ್ತು ಓಡಿಸಬೇಕು ಹೇಳಿ. ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಸುಡದ ಪೆಟ್ರೋಲ್ ಆಯಿಲ್ಲಿಗೆ ಸೇರುತ್ತದೆ, ಇಂಜಿನ್ ಸವೆಯುತ್ತದೆ. ಹೊಸದೊಂದು ತಂದು ಹಾಕಿಸಿ. ಹಾಕುವ ಮೊದಲು ಮನೆಯಲ್ಲೇ ಪರೀಕ್ಷೆ ಮಾಡಬಹುದು. ಅದರ ವಾಲ್ವಿನ ಬಾಯಲ್ಲಿ ಒಂದು ದಾರ ಸಿಕ್ಕಿಸಿ, ಆ ದಾರ ಹಿಡಿದು ಹಳೇ ಪಾತ್ರೆಯ ನೀರಿನಲ್ಲಿ ತೂಗಾಡಿಸಿ, ಒಲೆ ಹಚ್ಚಿ. ಅದರ ಮೇಲೆ 82 ಅಂತಲೋ 88 ಅಂತಲೋ ಕೊರೆದಿರುತ್ತದೆ. ನೀರು ಅಷ್ಟು ಬಿಸಿಯಾದಾಗ ಬಾಯಿ ತೆರೆದು ದಾರ ಬಿಟ್ಟುಕೊಡುತ್ತದೆ, ಟಣ್ ಅಂತ ಪಾತ್ರೆಯ ತಳಕ್ಕೆ ಬೀಳುತ್ತದೆ. ನೀರು ಮರಳಿದರೂ ದಾರ ಬಿಡದಿದ್ದರೆ ಅಂಗಡಿಗೆ ವಾಪಸ್ ಕೊಡಿ.

ಇನ್ನು ಹೆಡ್ ಗ್ಯಾಸ್ಕೆಟ್. ಸುಮ್ನೆ ಹೆದರಬೇಡಿ, ಆದರೆ ಒಂದು ಸಲ ಕುದಿದ ಗಾಡಿಯಾದ್ದರಿಂದ ನೋಡಿಬಿಡೋದು ಒಳ್ಳೆಯದು. ಹೆಡ್ ಅಲ್ಯೂಮಿನಿಯಂ, ತೀರಾ ಕಾದರೆ ಬಾಗುತ್ತದೆ. ಬೆಳಿಗ್ಗೆ ತಣ್ಣಗಿರುವಾಗ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ, ನೀರಿನ ಮೇಲೆ ಗುಳ್ಳೆ ಬರುತ್ತಾ ನೋಡಿ. ಮೊದಲು ನಾಲ್ಕು ಗುಳ್ಳೆ ಬಂದು ನಿಂತರೆ ಪರವಾಗಿಲ್ಲ, ಬಿಡದೆ ಬರುತ್ತಲೇ ಇದ್ದರೆ ಅನುಮಾನ. ಕ್ಯಾಪ್ ಹಾಕಿ ಸ್ಟಾರ್ಟ್ ಮಾಡಿದ ಒಂದು ನಿಮಿಷಕ್ಕೇ, ನೀರು ಇನ್ನೂ ತಣ್ಣಗಿರುವಾಗಲೇ, ಮೇಲಿನ ಹೋಸ್ ಕಲ್ಲಿನ ಹಾಗೆ ಗಟ್ಟಿಯಾದರೆ ಅನುಮಾನ. ಎಲ್ಲೂ ಸೋರದೆ ನೀರು ಕಡಿಮೆಯಾಗುತ್ತಿದ್ದರೆ, ಇಂಜಿನ್ ಬಿಸಿಯಾದ ಮೇಲೂ ಹಿಂದೆ ಬಿಳಿ ಹೊಗೆ ಬರುತ್ತಿದ್ದರೆ ಅನುಮಾನ. ಆಯಿಲ್ ಕ್ಯಾಪಿನ ಒಳಗೆ ಬಿಳಿ ಕೆನೆ ಕಂಡ ಕೂಡಲೇ ಗ್ಯಾಸ್ಕೆಟ್ ಅಂತ ಹೇಳುವವರಿದ್ದಾರೆ, ಅದನ್ನು ನಂಬಬೇಡಿ. ಮಲೆನಾಡಿನ ಮಳೆಗಾಲದಲ್ಲಿ ದಿನಾ ಎರಡು ಕಿಲೋಮೀಟರ್ ಮಾತ್ರ ಓಡುವ ಗಾಡಿಯಲ್ಲಿ ಥಂಡಿಗೆ ಕೂಡ ಸ್ವಲ್ಪ ಕೆನೆ ಕಟ್ಟುತ್ತದೆ. ಆಯಿಲ್ ಕಡ್ಡಿ ಎಳೆದು ನೋಡಿ, ಅದರಲ್ಲೂ ಆಯಿಲ್ ಹಾಲು ಬೆರೆಸಿದ ಹಾಗಿದ್ದರೆ ಮಾತ್ರ ಗಾಬರಿಯ ವಿಷಯ. ಗ್ಯಾರೇಜಿನಲ್ಲಿ ನೀಲಿ ದ್ರಾವಣದ ಪರೀಕ್ಷೆ ಅಂತ ಒಂದಿದೆ, ರೇಡಿಯೇಟರ್ ಬಾಯಿಂದ ಬರುವ ಗಾಳಿಯನ್ನು ಅದರ ಮೂಲಕ ಹಾಯಿಸುತ್ತಾರೆ. ಹೊಗೆ ಸೇರಿದ್ದರೆ ನೀಲಿ ಹಳದಿಯಾಗುತ್ತದೆ. ಹೆಡ್ ಇಳಿಸಬೇಕು ಅಂದವರಿಗೆ "ಮೊದಲು ಅದನ್ನು ಮಾಡಿ ತೋರಿಸಿ" ಅಂತ ಕೇಳಿ. ಕೇಳುವುದರಲ್ಲಿ ತಪ್ಪೇನಿಲ್ಲ, ದುಡ್ಡು ನಿಮ್ಮದು.

ಪ್ರಶ್ನೆ: ನಮ್ಮದು ಹಳೇ ಪೆಟ್ರೋಲ್ ಅಂಬಾಸಿಡರ್, ಮಾರ್ಕ್ 4. ಮೊದಲು ಸಿಗಂದೂರಿಗೆ ಹೋಗುವಾಗ ಲಾಂಚಿನ ಕ್ಯೂನಲ್ಲಿ ಇಂಚಿಂಚು ಸರಿಯುತ್ತ ಕುದಿಯುತ್ತಿತ್ತು. ಈಗ ಸೇತುವೆ ಆಯಿತು, ಆ ಕ್ಯೂ ಇಲ್ಲ. ಆದರೆ ಸಾಗರದ ಸಂತೆ ದಿನ ಇದೇ ಕತೆ. ಕರೆಂಟ್ ಫ್ಯಾನ್ ಹಾಕಿಸಿ ಅಂತಾರೆ. ಹಾಕಿಸಲಾ? (ಸಾಗರದ ಓದುಗರು)

ಉತ್ತರ: ನಿಮ್ಮ ಗಾಡಿಯನ್ನು ಇನ್ನೂ ಇಟ್ಟುಕೊಂಡಿದ್ದೀರಲ್ಲ, ಅದೇ ಖುಷಿ. ಇದರಲ್ಲಿ ಸ್ವಿಚ್ಚೂ ಇಲ್ಲ, ರಿಲೇಯೂ ಇಲ್ಲ. ಫ್ಯಾನ್ ವಾಟರ್ ಪಂಪಿನ ಚಕ್ರಕ್ಕೇ ಬೋಲ್ಟ್ ಹಾಕಿರುವಂಥದ್ದು, ಬೆಲ್ಟಿನಿಂದ ತಿರುಗುತ್ತದೆ. ಇಂಜಿನ್ ನಿಧಾನವಾದರೆ ಫ್ಯಾನೂ ನಿಧಾನ, ಪಂಪೂ ನಿಧಾನ. ಸಂತೆ ದಿನದ ಟ್ರಾಫಿಕ್ಕಿನಲ್ಲಿ ಮುಳ್ಳು ಏರಿದರೆ ನ್ಯೂಟ್ರಲ್ ಮಾಡಿ ಆಕ್ಸಿಲರೇಟರ್ ಸ್ವಲ್ಪ ಒತ್ತಿ ಹಿಡಿಯಿರಿ, ಎರಡೂ ಚುರುಕಾಗಿ ಮುಳ್ಳು ಇಳಿಯುತ್ತದೆ. ಮಾರುತಿಯಲ್ಲಿ ಫ್ಯಾನ್ ಸತ್ತಿದ್ದರೆ ಈ ಉಪಾಯದಿಂದ ಏನೂ ಆಗಲ್ಲ, ಅಂಬಾಸಿಡರಿನಲ್ಲಿ ಕೆಲಸ ಮಾಡುತ್ತದೆ.

ಕರೆಂಟ್ ಫ್ಯಾನ್ ಸದ್ಯಕ್ಕೆ ಬೇಡ. ಈ ಗಾಡಿಗಳು ಹೊಸದಿದ್ದಾಗ ಬಯಲುಸೀಮೆಯ ಬಿಸಿಲಿನಲ್ಲೇ ಟ್ಯಾಕ್ಸಿಯಾಗಿ ದಿನವಿಡೀ ಓಡಿವೆ, ಆ ಫ್ಯಾನ್ ಸಾಲದೆ ಹೋಗಿದ್ದರೆ ಓಡುತ್ತಿರಲಿಲ್ಲ. ಇವತ್ತು ಸಾಲುತ್ತಿಲ್ಲ ಅಂದರೆ ಬೇರೇನೋ ಹಾಳಾಗಿದೆ. ಬೆಲ್ಟ್ ಹೊಳೆಯುವಷ್ಟು ನಯವಾಗಿದ್ದರೆ ಅದು ಜಾರುತ್ತಿದೆ, ಬದಲಿಸಿ. ಆಮೇಲೆ ಇಗ್ನಿಷನ್ ಟೈಮಿಂಗ್, ಅಂದರೆ ಕಿಡಿ ಹೊತ್ತುವ ಸಮಯ, ನೋಡಿಸಿ. ಇದನ್ನು ಹೊಸ ಹುಡುಗರು ಮರೆತೇಬಿಟ್ಟಿದ್ದಾರೆ. ಡಿಸ್ಟ್ರಿಬ್ಯೂಟರಿನ ಒಳಗೆ ಕಿಡಿ ಹೊತ್ತಿಸುವ ಪಾಯಿಂಟ್ ಸವೆದು ಕಿಡಿ ತಡವಾಗಿ ಹೊತ್ತಿದರೆ ಉರಿ ಸಿಲಿಂಡರಿನೊಳಗೆ ಕೆಲಸ ಮಾಡುವ ಬದಲು ಎಕ್ಸಾಸ್ಟ್ ಕಡೆಗೆ ಹೋಗುತ್ತದೆ, ಆ ಶಾಖವನ್ನೆಲ್ಲ ಹೆಡ್ಡಿನ ಸುತ್ತ ಇರುವ ನೀರೇ ಹೊರಬೇಕು. ಡಿಸ್ಟ್ರಿಬ್ಯೂಟರಿಗೆ ಕಾರ್ಬೊರೇಟರಿಂದ ಬರುವ ಸಣ್ಣ ವ್ಯಾಕ್ಯೂಮ್ ಪೈಪ್ ಒಡೆದಿದೆಯಾ ಅಂತಲೂ ನೋಡಿ. ಗಾಡಿಗೆ ಎಳೆತ ಕಡಿಮೆ, ಬಿಸಿ ಜಾಸ್ತಿ, ಎರಡೂ ಒಟ್ಟಿಗೆ ಇದ್ದರೆ ನಾನು ಮೊದಲು ಕೈ ಹಾಕುವುದು ಇಲ್ಲಿಗೇ.

ಕೊನೆಗೆ ರೇಡಿಯೇಟರ್. ಬಚ್ಚಲ ಹಂಡೆಯ ತಳದಲ್ಲಿ ಪದರ ಕಟ್ಟುತ್ತದಲ್ಲ, ಇಷ್ಟು ವರ್ಷದಲ್ಲಿ ಅದರ ಕೊಳವೆಗಳಲ್ಲೂ ಹಾಗೇ ಕಟ್ಟಿರುತ್ತದೆ. ಗಾಡಿ ಚೆನ್ನಾಗಿ ಬಿಸಿಯಾದ ಮೇಲೆ ಆಫ್ ಮಾಡಿ, ಜಾಲರಿಯ ಮುಂದೆ ಅಂಗೈ ಆಡಿಸಿ. ಮೇಲಿಂದ ಕೆಳಗೆ ಬಿಸಿ ಸಮವಾಗಿ ಇಳಿಯಬೇಕು, ನಡುವೆ ತಣ್ಣನೆಯ ಪಟ್ಟಿ ಸಿಕ್ಕಿದರೆ ಅಲ್ಲಿ ನೀರು ಹರಿಯುತ್ತಿಲ್ಲ. ನಿಮ್ಮದು ಹಿತ್ತಾಳೆ, ತಾಮ್ರದ ರೇಡಿಯೇಟರ್ ಆಗಿದ್ದರೆ ಹಳೇ ಕೈಗಳು ಮೇಲಿನ ಟ್ಯಾಂಕ್ ಬಿಚ್ಚಿ, ಕೊಳವೆಗಳಿಗೆ ಸರಳು ಹೊಡೆದು, ಮತ್ತೆ ಬೆಸುಗೆ ಹಾಕಿಕೊಡುತ್ತಾರೆ. ಒಳ್ಳೆಯ ಕೆಲಸಗಾರರು ಕಡಿಮೆಯಾಗುತ್ತಿದ್ದಾರೆ, ಸಿಕ್ಕಿದರೆ ಬಿಡಬೇಡಿ.

ಪ್ರಶ್ನೆ: ನನ್ನದು 2006ರ ಸಣ್ಣ ಕಾರು. ಏಸಿ ಹಾಕಿಕೊಂಡು ಸಿಗ್ನಲ್ಲಿನಲ್ಲಿ ನಿಂತರೆ ಮಾತ್ರ ಬಿಸಿ ಏರುತ್ತದೆ, ಏಸಿ ಗಾಳಿಯೂ ಬೆಚ್ಚಗಾಗುತ್ತದೆ. ಏಸಿ ಆಫ್ ಮಾಡಿದರೆ ಎಲ್ಲ ಸರಿ. (ಶಿವಮೊಗ್ಗದ ಓದುಗರು, ಶಾಲಾ ಶಿಕ್ಷಕಿ)

ಉತ್ತರ: ಮೇಡಂ, ಏಸಿ ಗಾಳಿಯೂ ಬೆಚ್ಚಗಾಗುತ್ತದೆ ಅಂತ ಬರೆದಿದ್ದೀರಲ್ಲ, ಅದು ದೊಡ್ಡ ಸುಳಿವು. ರೇಡಿಯೇಟರಿನ ಮುಂದೆ ಏಸಿಯ ಶಾಖ ಹೊರಹಾಕುವ ಕಂಡೆನ್ಸರ್ ಇರುತ್ತದೆ, ಒಂದೇ ಗಾಳಿ ಎರಡನ್ನೂ ತಣಿಸಬೇಕು. ಎರಡೂ ಒಟ್ಟಿಗೆ ಸೋಲುತ್ತಿವೆ ಅಂದರೆ ಇಲ್ಲೂ ಗಾಳಿಯದ್ದೇ ತೊಂದರೆ. ಏಸಿ ಹಾಕಿದಾಗ ಫ್ಯಾನ್ ಓಡುತ್ತದಾ ನೋಡಿ, ಎರಡು ಫ್ಯಾನ್ ಇದ್ದರೆ ಎರಡೂ ಓಡುತ್ತವಾ ನೋಡಿ. ಓಡುತ್ತಿದ್ದರೆ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿ ತೋರಿಸಿ ಅಂತ ಮೆಕ್ಯಾನಿಕ್ಕಿಗೆ ಹೇಳಿ. ಹೊರಗಿಂದ ಕಂಡೆನ್ಸರ್ ಫಳಫಳ ಅಂತಿರುತ್ತದೆ, ಹಿಂದೆ ಬೂರುಗದ ಹತ್ತಿ, ಒಣಗಿದ ಎಲೆ, ಹುಳ ಸೇರಿ ಕಂಬಳಿ ಹೊದಿಸಿದ ಹಾಗಿರುತ್ತದೆ. ಕೆಲವು ಗಾಡಿಗಳಲ್ಲಿ ರೇಡಿಯೇಟರ್ ಸ್ವಲ್ಪ ಸಡಿಲಿಸಿಯೇ ತೆಗೆಯಬೇಕು. ತೆಗೆಸಿ, ಸಾರ್ಥಕ.

ಒಂದು ಎಚ್ಚರ. ನಿಮ್ಮ ಗಾಡಿಯಲ್ಲಿ ಕಂಪ್ಯೂಟರ್ ಇದೆ. ಮೇಲೆ 800ಕ್ಕೆ ಹೇಳಿದ ಹಾಗೆ ವೈರ್ ಸೇರಿಸುವ ಪರೀಕ್ಷೆ ಇದಕ್ಕೆ ಮಾಡಬೇಡಿ.

ಪ್ರಶ್ನೆ: ಊರೊಳಗೆ, ಸಿಗ್ನಲ್ಲಿನಲ್ಲಿ ಏನೂ ತೊಂದರೆ ಇಲ್ಲ. ಕುಂದಾಪುರದ ಕಡೆಯಿಂದ ಹುಲಿಕಲ್ ಘಾಟಿ ಹತ್ತುವಾಗ ಮಾತ್ರ ಕುದಿಯುತ್ತದೆ. ಫ್ಯಾನ್ ಬದಲಿಸಿ ಅಂದಿದ್ದಾರೆ. (ಹೊಸನಗರದ ಓದುಗರು)

ಉತ್ತರ: ಫ್ಯಾನ್ ಬದಲಿಸಿ ದುಡ್ಡು ಕಳ್ಕೋಬೇಡಿ. ನಿಮ್ಮದು ತೀರ್ಥಹಳ್ಳಿಯವರ ಗಾಡಿಗೆ ಪೂರ್ತಿ ಉಲ್ಟಾ. ನಿಂತಾಗ ಫ್ಯಾನ್ ತನ್ನ ಕೆಲಸ ಮಾಡುತ್ತಿದೆ ಅಂತ ನೀವೇ ಹೇಳಿದ್ದೀರಿ. ಭಾರ ಬಿದ್ದಾಗ ಸೋಲುತ್ತಿದೆ ಅಂದರೆ ನೀರಿನ ದಾರಿ ನೋಡಬೇಕು. ಒಳಗೆ ಕಟ್ಟಿದ ರೇಡಿಯೇಟರ್, ಪೂರ್ತಿ ತೆರೆಯದ ಥರ್ಮೋಸ್ಟಾಟ್, ಒತ್ತಡ ಹಿಡಿಯದ ಕ್ಯಾಪ್, ಈ ಕ್ರಮದಲ್ಲಿ ಹೋಗಿ. ಕೆಳಗಿನ ಹೋಸ್ ಪೈಪ್ ಹಳತಾಗಿ ಮೆತ್ತಗಾಗಿದ್ದರೆ ಪಂಪಿನ ಎಳೆತಕ್ಕೆ ಒಳಗೆ ಸೆಳೆದುಕೊಂಡು ಚಪ್ಪಟೆಯಾಗುತ್ತದೆ. ಬಾನೆಟ್ ಎತ್ತಿ, ಇನ್ನೊಬ್ಬರಿಂದ ಆಕ್ಸಿಲರೇಟರ್ ಕೊಡಿಸಿ ನೋಡಿದರೆ ಕಣ್ಣಿಗೇ ಕಾಣುತ್ತದೆ. ಬ್ರೇಕ್ ಹಿಡಿದುಕೊಂಡಿದ್ದರೂ ಇಂಜಿನ್ ಜಾಸ್ತಿ ದುಡಿಯಬೇಕಾಗುತ್ತದೆ, ಇಳಿದು ಚಕ್ರದ ಹತ್ತಿರ ಕೈ ಹಿಡಿದು ನೋಡಿ, ಒಂದು ಚಕ್ರ ಮಾತ್ರ ಸುಡುತ್ತಿದ್ದರೆ ಅದೇ. ಮತ್ತೆ ಘಾಟಿಯಲ್ಲಿ ಮೂರನೇ ಗೇರಿನಲ್ಲಿ ಗೊಣಗಾಡಿಸಿಕೊಂಡು ಹತ್ತಬೇಡಿ. ಎರಡಕ್ಕೆ ಹಾಕಿ, ಇಂಜಿನ್ ಹಗುರವಾಗಿ ತಿರುಗಲಿ.

ಹತ್ತುವಾಗ ಮುಳ್ಳು ಕೆಂಪಿನ ಹತ್ತಿರ ಬಂದರೆ ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋವರ್ ಜೋರಾಗಿ ಹಾಕಿ, ಕಿಟಕಿ ಇಳಿಸಿ. ಹೀಟರ್ ಅಂದರೆ ಇನ್ನೊಂದು ಚಿಕ್ಕ ರೇಡಿಯೇಟರೇ, ಇಂಜಿನ್ನಿನ ಶಾಖ ಗಾಡಿಯೊಳಗೆ ಬರುತ್ತದೆ. ಬೆವರು ಕಿತ್ತುಬರುತ್ತದೆ, ಆದರೆ ಅಗಲವಾದ ಜಾಗ ಸಿಗುವವರೆಗೆ ಇಂಜಿನ್ ಉಳಿಯುತ್ತದೆ. ಅದಕ್ಕೂ ಇಳಿಯದಿದ್ದರೆ ತಿರುವು ಬಿಟ್ಟು ನೇರ ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು ಆಫ್ ಮಾಡಿ. ಪಕ್ಕದ ಝರಿಯ ತಣ್ಣೀರು ತಂದು ಇಂಜಿನ್ ಮೇಲೆ ಸುರಿಯಬೇಡಿ, ಹೆಡ್ ಬಿರುಕು ಬಿಡುತ್ತದೆ.

ಪ್ರಶ್ನೆ: ರಾತ್ರಿ ಹೆಡ್‌ಲೈಟ್ ಹಾಕಿದ ಕೂಡಲೇ ಟೆಂಪರೇಚರ್ ಮುಳ್ಳು ಮೇಲೇರುತ್ತದೆ. ಆಫ್ ಮಾಡಿದರೆ ಇಳಿಯುತ್ತದೆ. ಏನಿದು? (ಭದ್ರಾವತಿಯ ಓದುಗರು)

ಉತ್ತರ: ಇಂಜಿನ್ ಬಿಸಿಯಾಗಿಲ್ಲ, ಮುಳ್ಳು ಸುಳ್ಳು ಹೇಳುತ್ತಿದೆ. ನೀರು ಒಂದು ಕ್ಷಣದಲ್ಲಿ ಬಿಸಿಯಾಗಿ ಒಂದು ಕ್ಷಣದಲ್ಲಿ ಆರಲ್ಲ. ಅರ್ತ್ ವೈರ್ ಸಡಿಲ ಇದೆ, ಇಲ್ಲಾ ತುಕ್ಕು ಹಿಡಿದಿದೆ. ಬ್ಯಾಟರಿಯಿಂದ ಗಾಡಿಯ ಮೈಗೆ, ಇಂಜಿನ್ನಿಂದ ಗಾಡಿಯ ಮೈಗೆ ಬರುವ ಅರ್ತ್ ಬಿಚ್ಚಿ, ಉಜ್ಜಿ, ಬಿಗಿ ಮಾಡಿಸಿ.

ಪ್ರಶ್ನೆ: ನಮ್ಮಲ್ಲಿ ಬಾವಿ ನೀರು ಒಳ್ಳೆಯದಿದೆ, ಮಳೆ ನೀರೂ ಹಿಡಿಯುತ್ತೇವೆ. ಅದನ್ನೇ ರೇಡಿಯೇಟರಿಗೆ ಹಾಕಿದರೆ ಆಗಲ್ವಾ? ಹಸಿರು ನೀರು ಯಾಕೆ ಬೇಕು? ನಮ್ಮ ಕಡೆ ಹಿಮ ಬೀಳಲ್ಲವಲ್ಲ. (ಕೊಪ್ಪದ ಓದುಗರು)

ಉತ್ತರ: ಒಳ್ಳೆಯ ಪ್ರಶ್ನೆ. ಆ ಹಸಿರು ನೀರು, ಅಂದರೆ ಕೂಲೆಂಟ್, ಇರೋದು ಬರೀ ಹಿಮಕ್ಕಲ್ಲ. ಅದರಲ್ಲಿ ತುಕ್ಕು ತಡೆಯುವ ಔಷಧಿ ಇದೆ, ಕುದಿಯುವ ಮಟ್ಟವನ್ನೂ ಸ್ವಲ್ಪ ಏರಿಸುತ್ತದೆ. ಬಾವಿ ನೀರಿನಲ್ಲಿರುವ ಉಪ್ಪು, ಕಬ್ಬಿಣ ಕೊಳವೆಯಲ್ಲಿ ಕೂರುತ್ತವೆ. ಮಳೆ ನೀರಿನಲ್ಲಿ ಆ ಉಪ್ಪಿಲ್ಲ ನಿಜ, ಆದರೆ ತುಕ್ಕು ತಡೆಯುವ ಗುಣವೂ ಇಲ್ಲ. ದಾರಿ ಮಧ್ಯೆ ಕಷ್ಟಕ್ಕೆ ಯಾವ ನೀರಾದರೂ ಸರಿ, ಊರಿಗೆ ಬಂದ ಮೇಲೆ ಬದಲಿಸಿ. ಬ್ಯಾಟರಿ ಅಂಗಡಿಯಲ್ಲಿ ಡಿಸ್ಟಿಲ್ಡ್ ವಾಟರ್ ಕ್ಯಾನ್ ಸಿಗುತ್ತದೆ. ಅರ್ಧ ಅದು, ಅರ್ಧ ಕೂಲೆಂಟ್. ಬೆರೆಸಿಯೇ ಬರುವ ಕ್ಯಾನ್ ತಂದರೆ ಮತ್ತೆ ನೀರು ಸೇರಿಸಬೇಡಿ. ಆರ್.ಓ. ಮಿಷನ್ನಿನಿಂದ ಹೊರಗೆ ಹೋಗುವ ನೀರನ್ನು ಮಾತ್ರ ಯಾವತ್ತೂ ಹಾಕಬೇಡಿ, ಉಪ್ಪೆಲ್ಲ ಅದರಲ್ಲೇ ಇರುತ್ತದೆ.

ತುಂಬಿಸುವಾಗ ಗಾಡಿಯ ಮೂತಿ ಏರುಮುಖವಾಗಿ ಇರಲಿ, ಹೀಟರ್ ಬಿಸಿಗೆ ತಿರುಗಿಸಿರಿ, ಇಂಜಿನ್ ತಣ್ಣಗಿರುವಾಗ ಕ್ಯಾಪ್ ತೆಗೆದಿಟ್ಟು ಸ್ಟಾರ್ಟ್ ಮಾಡಿ. ಒಳಗೆ ಸಿಕ್ಕಿಕೊಂಡ ಗಾಳಿ ಗುಳುಗುಳು ಅಂತ ಹೊರಗೆ ಬಂದಷ್ಟೂ ಮಟ್ಟ ಇಳಿಯುತ್ತದೆ, ಇಳಿದಷ್ಟೂ ತುಂಬಿ, ಮಟ್ಟ ನಿಂತ ಮೇಲೆ, ಮುಳ್ಳು ಏರುವ ಮೊದಲೇ ಕ್ಯಾಪ್ ಹಾಕಿ. ಗಾಳಿ ಉಳಿದುಬಿಟ್ಟರೆ ಹೊಸ ಕೂಲೆಂಟ್ ಹಾಕಿದ ಮಾರನೇ ದಿನವೇ ಗಾಡಿ ಕುದಿಯುತ್ತದೆ, ಜನ ಕೂಲೆಂಟನ್ನು ಬೈಯುತ್ತಾರೆ.

ಹಳೇ ಕೂಲೆಂಟ್ ವಿಷಯ ದಯವಿಟ್ಟು ಗಮನವಿಟ್ಟು ಓದಿ. ಅದು ವಿಷ, ಮತ್ತೆ ಸಿಹಿ. ಸಾಮಾನ್ಯವಾಗಿ ಸಿಗುವ ಕೂಲೆಂಟಿನಲ್ಲಿ ಎಥಿಲಿನ್ ಗ್ಲೈಕಾಲ್ ಇರುತ್ತದೆ, ಅಂಗಳದಲ್ಲಿ ಚೆಲ್ಲಿದ್ದನ್ನು ನಾಯಿ ನೆಕ್ಕಿದರೆ ಕಿಡ್ನಿ ಹೋಗಿ ಸಾಯುತ್ತದೆ, ಸ್ವಲ್ಪ ಸಾಕು. ಕರು, ಬೆಕ್ಕಿಗೂ ಅದೇ ಗತಿ. ಮಕ್ಕಳಿರುವ ಮನೆಯಲ್ಲಿ ತಂಪು ಪಾನೀಯದ ಬಾಟಲಿಗೆ ತುಂಬಿಡಬೇಡಿ. ಕೆಳಗೆ ಅಗಲವಾದ ಬೋಗುಣಿ ಇಟ್ಟು ಇಳಿಸಿ, ಮುಚ್ಚಳ ಗಟ್ಟಿ ಇರುವ ಕ್ಯಾನಿಗೆ ತುಂಬಿ, ಹಳೇ ಆಯಿಲ್ ತಗೊಳ್ಳುವ ಗ್ಯಾರೇಜಿನಲ್ಲಿ ಕೇಳಿ ಕೊಡಿ. ತೋಟದ ಕಾಲುವೆಗೆ ಬಿಡಬೇಡಿ. ಚೆಲ್ಲಿದ ಜಾಗಕ್ಕೆ ಮೊದಲು ಮರದ ಹೊಟ್ಟು ಹಾಕಿ ಹೀರಿಸಿ ಗುಡಿಸಿ ತೆಗೆದು, ಆಮೇಲೆ ಧಾರಾಳವಾಗಿ ನೀರು ಸುರಿದು ತೊಳೆಯಿರಿ. ಆ ಬೋಗುಣಿಯನ್ನು ಗಾಡಿ ಕೆಲಸಕ್ಕೇ ಅಂತ ಬೇರೆ ಇಟ್ಟುಬಿಡಿ, ತೊಳೆದು ಕೊಟ್ಟಿಗೆಗೆ ವಾಪಸ್ ಒಯ್ಯಬೇಡಿ.